ಮಗ್ಗದ ಶೆಡ್ಡಿನ ಸದ್ದು

ಮಾರ್ಚ್ 3, ಬೆಳಿಗ್ಗೆ

ಅಂಗಡಿಗೆ ಹೊರಡುವ ಮುಂಚೆ ಅಣ್ಣನ ಕಂಪ್ಯೂಟರ್ ಹಾಕಿದೆ. ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಶುರು ಮಾಡಿಕೊಂಡಿತು. ಯಾರನ್ನು ಕೇಳಿ? ಆಮೇಲೆ ಪ್ರಶ್ನೆಗಳು ಬೇರೆ. ನೀವು ಎಲ್ಲಿದ್ದೀರಿ ಎಂದು ತಿಳಿಯಬಹುದೇ? ಬೇಡ. ಏನು ಟೈಪ್ ಮಾಡುತ್ತೀರಿ ನೋಡಬಹುದೇ? ಬೇಡ. ಈ ಸಾಫ್ಟ್‌ವೇರ್ ಮೈಕಿನಿಂದ ಕೇಳಿಸಿಕೊಳ್ಳಬಹುದೇ? ಬೇಡವೇ ಬೇಡ.

ಮೊನ್ನೆ ಮಡಚಿದ ಕರಪತ್ರದಲ್ಲಿ ಇತ್ತು: ಓದದೆ ಕೊಟ್ಟ ಒಪ್ಪಿಗೆ ನಾವೇ ತೊಟ್ಟ ಕೋಳ. ಬೈಂಡಿಂಗ್ ಅಂಗಡಿಯಲ್ಲಿ ಮಡಚುವುದು ನನ್ನ ಕೆಲಸ, ಮಡಚುವ ಮುಂಚೆ ಓದುವುದು ನನ್ನ ಹಕ್ಕು. ಮಾಲೀಕರು ಹಾಗೆ ಒಪ್ಪುವುದಿಲ್ಲ, ಅದು ಬೇರೆ ಮಾತು.

ಮಾರ್ಚ್ 3, ಸಂಜೆ

ಸದ್ದಿಲ್ಲ!

ಅಣ್ಣನ ಮ್ಯೂಸಿಕ್ ಸಾಫ್ಟ್‌ವೇರ್ ತೆರೆಯುತ್ತದೆ. ಪ್ಲೇ ಒತ್ತಿದರೆ ಗೆರೆ ಓಡುತ್ತದೆ, ಅಲೆ ಕಾಣುತ್ತದೆ. ಸ್ಪೀಕರ್ ಮಾತ್ರ ಕಲ್ಲು. ಇಂಟರ್ನೆಟ್ಟಿನ ಹಾಡು ಚೆನ್ನಾಗಿಯೇ ಬರುತ್ತಿದೆ. ಇದೊಂದೇ ಮೂಕ.

ಬೇರೆ ದಿನವಾಗಿದ್ದರೆ ಅಣ್ಣ ನುಡಿಸುವ ಕೀಬೋರ್ಡ್ ಕೇಳಿಸದಿದ್ದದ್ದು ಪುಣ್ಯ ಅನ್ನುತ್ತಿದ್ದೆ. ಆದರೆ ಅಮ್ಮ ಕೆಲಸ ಮಾಡುವ ಮಗ್ಗದ ಶೆಡ್ಡಿನ ಸದ್ದು ಇದರೊಳಗೇ ಇದೆ. ಹದಿನಾಲ್ಕಕ್ಕೆ ಕಾರ್ಮಿಕ ಅಧಿಕಾರಿ ಮುಂದೆ ವಿಚಾರಣೆ. ಅಮ್ಮನ ಕಿವಿ ಹೋದದ್ದು ವಯಸ್ಸಿನಿಂದ, ಮಗ್ಗದ ಸದ್ದು ಅಂಥದ್ದೇನೂ ಅಲ್ಲ ಎಂದು ಶೆಡ್ಡಿನ ಮ್ಯಾನೇಜರ್ ಬರೆದುಕೊಟ್ಟಿದ್ದಾರೆ. ಅವರ ಮಾತು ನಿಂತರೆ ಅಮ್ಮನಿಗೆ ಗೇಟಿನ ಹೊರದಾರಿ. ಅದಕ್ಕೇ ಅಮ್ಮ ಊಟದ ಚೀಲದಲ್ಲಿ ರೆಕಾರ್ಡರ್ ಇಟ್ಟುಕೊಂಡು ಹೋಗಿ ಶೆಡ್ಡಿನ ಸದ್ದನ್ನು ಹೊತ್ತು ತಂದಳು. ಅಣ್ಣ ತುಂಡುಗಳನ್ನು ಜೋಡಿಸಿದ. ರೆಕಾರ್ಡರ್ ಅವನ ಗೆಳೆಯನದು. ವಾಪಸ್ ಹೋಯಿತು, ಅಳಿಸಿಯೂ ಆಯಿತು. ಈಗ ಉಳಿದಿರುವುದು ಇಲ್ಲಿ ಮಾತ್ರ. ಬೇರೆ ಫೈಲಾಗಿ ಹೊರತೆಗೆಯೋಣವೆಂದರೆ ‘ಆಡಿಯೊ ಸಾಧನ ಸಿಗುತ್ತಿಲ್ಲ’ ಎಂದು ನಿಲ್ಲುತ್ತದೆ.

ಮಾರ್ಚ್ 4

ಅಣ್ಣ ಎಲ್ಲ ವೈರ್ ಕಿತ್ತ, ಮತ್ತೆ ಚುಚ್ಚಿದ. ಕಿತ್ತ, ಚುಚ್ಚಿದ. ಡ್ರೈವರ್ ಹೊಸದು ಹಾಕಿದ. ಮೈಕ್, ಸ್ಪೀಕರ್ ಎರಡೂ ಸೇರುವ ಪುಟ್ಟ ಪೆಟ್ಟಿಗೆಯೊಂದಿದೆ, ಅದರ ಹಸಿರು ದೀಪ ಉರಿಯುತ್ತಲೇ ಇದೆ. ನಾನು ಏನಾದರೂ ಮುಟ್ಟಿದೆನಾ ಎಂದು ಕೇಳಿದ. ಮುಟ್ಟಿಲ್ಲ, ಬಂದದ್ದಕ್ಕೆಲ್ಲ ಬೇಡ ಅಂದೆ ಅಷ್ಟೇ ಎಂದೆ. ನಿನ್ನ ಬಾಯಲ್ಲಿ ಅದು ಬಿಟ್ಟು ಬೇರೇನು ಬರುತ್ತೆ ಎಂದು ಗೊಣಗಿ ವೈರ್ ಕಡೆ ತಿರುಗಿದ.

ಅಮ್ಮ ಒಲೆ ಮುಂದಿನಿಂದ ಕೂಗಿದಳು. ಈಗ ಅವಳು ಏನು ಹೇಳಿದರೂ ಕೂಗೇ. ಗುಟ್ಟು ಹೇಳಿದರೂ ಬೀದಿಗೆ ಗೊತ್ತು.

“ಬಂತೇನೋ ಸದ್ದು?”

“ಇಲ್ಲಮ್ಮಾ.”

“ಬಂತಾ? ಒಳ್ಳೇದಾಯ್ತು ಬಿಡು.”

ಇಬ್ಬರೂ ಮುಖ ನೋಡಿಕೊಂಡೆವು. ತಿದ್ದಲಿಲ್ಲ.

ಮಾರ್ಚ್ 10

ಆರು ದಿನದಿಂದ ಬರೆಯುವ ಮನಸ್ಸಿರಲಿಲ್ಲ. ಕಂಪ್ಯೂಟರ್ ರಿಪೇರಿಯವನ ಮೇಜಿನ ಮೇಲಿತ್ತು. ಇವತ್ತು ಹೋದರೆ ಅವನು ಆಕಳಿಸುತ್ತ ಹೇಳಿದ:

“ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಸರಿ ಹೋಗುತ್ತೆ.”

ಒಳಗಿರುವುದು? ಹೋಗುತ್ತೆ, ಹಾಡು ತಾನೇ, ಇನ್ನೊಂದ್ಸಲ ಮಾಡ್ಕೊಳ್ಳಿ ಅಂದ. ನೆಗಡಿಯಾಯಿತೆಂದು ಮೂಗು ಕೊಯ್ಯುವ ವೈದ್ಯ! ಆ ಕಡೆ ಶೆಡ್ಡಿನಲ್ಲಿ ಈಗ ಚೀಲ ತಪಾಸಣೆ ಶುರುವಾಗಿದೆ. ಇನ್ನೊಂದು ಸಲ ಎಂಬುದೇ ಇಲ್ಲ. ಅಣ್ಣ ಆಗಲೇ ಹೂಂ ಎಂದು ತಲೆಯಾಡಿಸುತ್ತಿದ್ದ, ಸುಸ್ತಾಗಿದ್ದ ಪಾಪ. ನಾನು ಸಿಪಿಯು ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ. ವೈರು ಜೋತಾಡುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್, ಕೂಸಿಗೆ ಅರ್ಧ ಟಿಕೆಟ್ಟಾ ಅಂದರು. ಇಡೀ ಟಿಕೆಟ್ಟೇ ಕೊಡಿ, ಮಾತಾಡುವ ವಯಸ್ಸಾಗಿದೆ ಅಂದೆ.

ಮಾರ್ಚ್ 11

ರಜೆ ಹಾಕಿದೆ. ಸೆಟ್ಟಿಂಗ್ಸ್ ಅನ್ನು ಕರಪತ್ರದಂತೆ ಮೊದಲ ಸಾಲಿನಿಂದ ಓದಿದೆ. ಯಾರೂ ಓದುವುದಿಲ್ಲವೆಂದೇ ಇಷ್ಟು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ. ನಾನು ಓದುತ್ತೇನೆ.

ಪ್ರೈವೆಸಿ. ಮೈಕ್ರೊಫೋನ್. ಅಣ್ಣನ ಸಾಫ್ಟ್‌ವೇರಿನ ಹೆಸರು. ಮುಂದೆ: ನಿರಾಕರಿಸಲಾಗಿದೆ.

ನಿರಾಕರಿಸಿದ್ದು ಯಾರು... ಇದೇ ಕೈ.

ಅಣ್ಣ ಬಂದು ನೋಡಿ ಹಣೆ ಹಣೆ ಬಡಿದುಕೊಂಡ. ಆ ಪುಟ್ಟ ಪೆಟ್ಟಿಗೆಯಲ್ಲಿ ಮೈಕು ಸ್ಪೀಕರು ಎರಡನ್ನೂ ಸಾಫ್ಟ್‌ವೇರ್ ಒಟ್ಟಿಗೇ ತೆರೆಯುತ್ತದಂತೆ. ಒಂದಕ್ಕೆ ಬಾಗಿಲು ಹಾಕಿದರೆ ಎರಡನ್ನೂ ಬಿಟ್ಟುಬಿಡುತ್ತದೆ.

“ಕಿವಿ ಮುಚ್ಚಿದೀಯಲ್ಲೇ ಮಾರಾಯ್ತಿ, ಬಾಯಿ ಹೇಗೆ ಬಿಡುತ್ತೆ ಅದು? ಒಂದು ವಾರ! ವೈರ್ ಕಿತ್ತಿದೀನಿ, ರಿಪೇರಿಗೆ ಅಲೆದಿದೀನಿ!”

ಬೇಡ ಅಂದದ್ದು ತಪ್ಪಲ್ಲ ಅಂದೆ. ಬೇಡ ಅಂದರೆ ಸ್ಪೀಕರೂ ಹೋಗುತ್ತದೆ ಎಂದು ಅದು ಹೇಳಬೇಕಿತ್ತು. ಅರ್ಧ ಸತ್ಯ ಹೇಳಿ ಒಪ್ಪಿಗೆ ಕೇಳುವುದು ಎಲ್ಲ ಮಾಲೀಕರ ಚಾಳಿ. ಅಣ್ಣ ಕೈ ಮುಗಿದ. ಭಾಷಣ ಆಮೇಲೆ, ಮೊದಲು ಒತ್ತು ಅಂದ.

ಒತ್ತಿದೆ. ಪ್ಲೇ ಒತ್ತಿದ ಕೂಡಲೇ ಮಗ್ಗ ಗುಡುಗಿತು. ಮೇಜಿನ ಮೇಲಿನ ಲೋಟ ನಡುಗುತ್ತ ಅಂಚಿಗೆ ಸರಿಯಿತು. ಅಮ್ಮ ಒಳಗಿನಿಂದ ಬಂದು ನಿಂತಳು. ಕೇಳಿಸಿತೋ, ನೆಲ ಅದುರಿತೋ. ಗೋಡೆಗೆ ಅಂಗೈ ಇಟ್ಟಳು.

“ಇದು ಮೂಲೆ ಮಗ್ಗ,” ಎಂದಳು.

ಫೈಲ್ ಹೊರತೆಗೆದೆ. ಪೆನ್‌ಡ್ರೈವಿಗೆ ಹಾಕಿದೆ. ಮೈಕಿಗೆ ಮತ್ತೆ ಬೇಡ ಎಂದು ಒತ್ತಿದೆ. ಅಣ್ಣ ನನಗೆ ಎಸೆಯಲು ಚಪ್ಪಲಿ ಹುಡುಕಿದ.

ಮಾರ್ಚ್ 13

ಎಷ್ಟು ಜೋರಾಗಿ ಹಾಕಬೇಕು? ಹೆಚ್ಚೂ ಬೇಡ, ಕಡಿಮೆಯೂ ಬೇಡ. ಸುಳ್ಳು ಅವರದು, ನಮಗೆ ಬೇಕಿಲ್ಲ. ಅಮ್ಮ ಅಳತೆ ಹೇಳಿದಳು: ಪಕ್ಕದವಳ ಕಿವಿಗೆ ಬಾಯಿ ಇಟ್ಟು ಕೂಗಿದರೆ ಮಾತು ಸಿಗಬೇಕು, ಅಷ್ಟೇ. ಅಣ್ಣ ನಾನು ಒಬ್ಬರ ಕಿವಿಯಲ್ಲೊಬ್ಬರು ಕೂಗುತ್ತ ಅಣ್ಣನ ಬ್ಯಾಂಡಿನ ಸ್ಪೀಕರಿನ ಗುಂಡಿ ತಿರುಗಿಸಿ, ಆ ಜಾಗಕ್ಕೆ ಬಿಳಿ ಗೆರೆ ಎಳೆದೆವು. ಆಮೇಲೆ ತಿಳಿಯಿತು, ಕೆಳಗಿನ ಮನೆಯವರು ಆಗಿನಿಂದ ಬಾಗಿಲು ಬಡಿಯುತ್ತಿದ್ದರಂತೆ.

ಮಾರ್ಚ್ 14, ಮಧ್ಯಾಹ್ನ, ವಿಚಾರಣೆ ಕೋಣೆಯ ಹೊರಗೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಒಳಗೆ ಅದೇ ಸ್ಪೀಕರ್ ಇಟ್ಟೆವು. ಗುಂಡಿ ಬಿಳಿ ಗೆರೆಗೆ. ಶೆಡ್ಡು ಕೋಣೆಯೊಳಕ್ಕೆ ಬಂತು. ಗುಮಾಸ್ತ ಪೆನ್ನು ಬಿಟ್ಟು ಕಿವಿ ಹಿಡಿದುಕೊಂಡ. ಅಧಿಕಾರಿ ನನ್ನತ್ತ ಏನೋ ಹೇಳಿದರು. ತುಟಿ ಆಡಿತು, ಮಾತು ಕೇಳಿಸಲಿಲ್ಲ. ಎದ್ದು ನಿಂತು ಮೇಜಿನಾಚೆ ಬಾಗಿ ಕೂಗಿದರು.

“ಸಣ್ಣ ಮಾಡಮ್ಮಾ! ಸಣ್ಣ ಮಾಡು!”

“ಅಮ್ಮನೂ ಇಪ್ಪತ್ತು ವರ್ಷದಿಂದ ಅದನ್ನೇ ಹೇಳ್ತಿದಾಳೆ ಸಾರ್!” ನಾನೂ ಕೂಗಿಯೇ ಹೇಳಿದೆ.

ನಿಲ್ಲಿಸಲಿಲ್ಲ. ಕೊನೆಯವರೆಗೆ ಓಡಿಸಿದೆ.

ಮುಗಿದ ಮೇಲೆ ಮ್ಯಾನೇಜರ್ ಎದ್ದರು. ಇದು ಹಾಡು ಕಟ್ಟುವ ಸಾಫ್ಟ್‌ವೇರಿನಲ್ಲಿ ಜೋಡಿಸಿದ್ದು, ಬೇಕಾದಷ್ಟು ಹೆಚ್ಚಿಸಿದ್ದಾರೆ, ಶೆಡ್ಡಿನಲ್ಲಿ ಆರಾಮಾಗಿ ಮಾತಾಡಬಹುದು ಅಂದರು. ಆರಾಮಾಗಿ! ಅಧಿಕಾರಿ ಕನ್ನಡಕ ಒರೆಸುತ್ತ, ಹಾಗಾದರೆ ನಡೀರಿ, ಅಲ್ಲೇ ನಿಂತು ಮಾತಾಡೋಣ, ಈಗಲೇ ಅಂದರು. ಮ್ಯಾನೇಜರ್ ಮುಖ ಸುಣ್ಣ.

ಜೀಪಿಗೆ ಕಾಯುತ್ತಿದ್ದೇವೆ. ಅಮ್ಮ ಸೆರಗು ಬಿಗಿದು ಆಗಲೇ ಮೆಟ್ಟಿಲ ಮೇಲೆ. ಮ್ಯಾನೇಜರ್ ಕಂಬದ ಮರೆಗೆ ಹೋಗಿ ಶೆಡ್ಡಿಗೆ ಫೋನ್ ಹಚ್ಚಿದ್ದಾರೆ. ಮೊದಲು ಪಿಸುಮಾತು. ಆ ಕಡೆ ಶೆಡ್ಡಿನ ಮೇಸ್ತ್ರಿಗೆ ಕೇಳಿಸಲಿಲ್ಲ ಅಂತ ಕಾಣುತ್ತದೆ. ಆಮೇಲೆ ಸ್ವಲ್ಪ ಜೋರು. ಈಗ ಫೋನನ್ನು ಬಾಯಿಗೆ ಅಂಟಿಸಿಕೊಂಡು, ಕತ್ತಿನ ನರ ಉಬ್ಬಿಸಿ—

“ಮಗ್ಗ ನಿಲ್ಸು ಅಂದೆ ಕಣಯ್ಯಾ! ಮಗ್ಗ! ನಿಲ್ಸು! ಏನು? ಕೇಳಿಸ್ತಿಲ್ವಾ?”

ಅಧಿಕಾರಿ ಅವರ ಬೆನ್ನ ಹಿಂದೆಯೇ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆ.