ಬಳ್ಳಿ ಮುಟ್ಟದ ಮೂರು ಬೆಳಗು

ಬೈದು ಬೈದೇ ಬದುಕು ಕಲಿಸಿದ ಅತ್ತೆಯವರಿಗೆ, ನಿಮ್ಮ ಸೊಸೆ ಭಾಗ್ಯ ಮಾಡುವ ನಮಸ್ಕಾರ.

ಇವತ್ತು ಕಾರ್ತಿಕ ಸೋಮವಾರ, ನನಗೆ ಒಪ್ಪತ್ತು. ಕೊಟ್ಟಿಗೆ ಬಾಚಿ, ಹಾಲು ಕರೆದು ಡೈರಿಗೆ ಹಾಕಿ, ಹೊಸಲು ತೊಳೆದು ಶಿವನಿಗೆ ದೀಪ ಹಚ್ಚಿದೆ. ದೇವರ ಮುಂದೆ ಹೇಳಲಾಗದ್ದನ್ನು ನಿಮಗೆ ಬರೆಯುತ್ತಿದ್ದೇನೆ. ನೀವಾದರೆ ಬೈಯುತ್ತೀರಿ. ಅವನು ಸುಮ್ಮನೆ ನೋಡುತ್ತಾನೆ.

ನೀವು ಹಾಗಲದ ಬೀಜ ಮಾಡುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಹಣ್ಣಾಗಿ ಬಾಯಿ ಬಿಟ್ಟ ಕಾಯಿಯಿಂದ ಕೆಂಪು ಬೀಜ ಬಿಡಿಸಿ, ತೊಳೆದು, ಬೂದಿಯಲ್ಲಿ ಹೊರಳಿಸಿ ಗಡಿಗೆಯಲ್ಲಿಡುತ್ತಿದ್ದಿರಿ. ನಿಮ್ಮ ಮಗ ಒಂದು ಸಲ ಕಂಪಲಾಪುರದಿಂದ ಕಂಪನಿ ಬೀಜ ತಂದು ಬೆಳೆದಾಗ ಏನಂದಿರಿ? "ಪಡವಲಕಾಯಂಗೆ ಉದ್ದುಕ್ಕವೆ. ಕಹಿನೇ ಇಲ್ದಿದ್ ಮ್ಯಾಲೆ ಇದ್ನ್ಯಾಕ್ಲಾ ಆಗಲಕಾಯಿ ಅಂತೀಯೆ?" ಆಮೇಲೆ ನಿಮ್ಮ ಗಿಡ್ಡ ಮುಳ್ಳು ಹಾಗಲ ಬಿಟ್ಟು ಬೇರೆ ಯಾವುದೂ ನಮ್ಮ ಹಿತ್ತಲಿಗೆ ಬರಲಿಲ್ಲ.

ಹೋದ ಆಷಾಢದಲ್ಲಿ ಆ ಬೀಜವನ್ನೇ ಹುಡುಕಿಕೊಂಡು ಕಿರಣ್ ಅನ್ನುವವರು ಬಂದರು. ತೋಟಗಾರಿಕೆ ಓದಿದವರು, ಹಾಗಲದ ಮೇಲೆ ಸಂಶೋಧನೆ ಮಾಡುತ್ತಿದ್ದಾರೆ, ಪಿರಿಯಾಪಟ್ಟಣದಲ್ಲಿ ರೂಮು ಮಾಡಿಕೊಂಡಿದ್ದಾರೆ. ನಮ್ಮ ಹಾಗಲದಲ್ಲಿ ಸಕ್ಕರೆ ಕಾಯಿಲೆಗೆ ಆಗುವಂಥದ್ದು ಏನಾದರೂ ಇದೆಯೇ ಎಂದು ಪರೀಕ್ಷೆ ಮಾಡಬೇಕು ಅಂದರು. ನಾನು ಹೆಮ್ಮೆಯಿಂದ, "ನಮ್ಮತ್ತೆ ದಿನಾ ಒಂದ್ ಲೋಟ ರಸ ಕುಡ್ದು ಮಾತ್ರೆನೆಲ್ಲ ತಿಪ್ಪೆಗೆ ಎಸೀತಿದ್ರು ಕಣಪ್ಪ" ಅಂದೆ. ಅವರು ನಗಲಿಲ್ಲ. "ಮಾತ್ರೆ ಬಿಡೋ ಹಾಗಿಲ್ಲಮ್ಮ. ಒಂದು ಲೋಟದಲ್ಲಿ ಏನಿದೆ, ಎಷ್ಟಿದೆ ಅಂತ ಗೊತ್ತಿಲ್ಲದೆ ಯಾರಿಗೂ ಕುಡೀರಿ ಅನ್ನೋಕಾಗಲ್ಲ. ಗೊತ್ತಾಗಬೇಕಾದ್ರೆ ಬೀಜ ಒಂದೇ ಥರ ಇರಬೇಕು. ಬೆರಕೆ ಆಯ್ತಾ, ನಾನು ಬರೆದಿದ್ದೆಲ್ಲ ಸುಳ್ಳು." ಕಾಲಿನ ಹುಣ್ಣು ಕೊನೆಗೆ ನಿಮ್ಮನ್ನೇ ಒಯ್ದಿತು ಎಂದು ನಾನು ಅವರಿಗೆ ಹೇಳಲಿಲ್ಲ, ಅತ್ತೆ. ಹೇಗೆ ಹೇಳಲಿ, ಆ ರಸ ಅರೆದು ಕೊಟ್ಟವಳೇ ನಾನು...

ಬೀಜ ಬೆರಕೆಯಾಗದ ಹಾಗೆ ನೋಡಿಕೊಳ್ಳುವ ಕೆಲಸ ಅವರೇ ಕಲಿಸಿದರು. ಮಾರನೇ ದಿನ ಅರಳುವ ಮೊಗ್ಗಿಗೆ ಸಂಜೆಯೇ ಕಾಗದದ ಕುಲಾವಿ ಹಾಕಬೇಕು. ಬೆಳಿಗ್ಗೆ ಜೇನುಹುಳ ಏಳುವ ಹೊತ್ತಿಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿ, ಮತ್ತೆ ಕುಲಾವಿ ಮುಚ್ಚಿ, ಕೆಂಪು ದಾರ ಕಟ್ಟಬೇಕು. ದಾರ ಕಟ್ಟಿದ ಕಾಯಿಯನ್ನು ಮಾತ್ರ ಬೀಜಕ್ಕೆ ಬಿಡಬೇಕು. ನಿಮ್ಮ ಮಗ ಜಗಲಿಯಿಂದಲೇ, "ಆಗಲಕಾಯ್ಗೂ ಮದ್ವೆ ಮಾಡ್ತಾವ್ಳಲ್ಲಪ್ಪ. ಊಟ ಯಾವತ್ತಮ್ಮಿ?" ಎಂದು ಕೂಗುತ್ತಿದ್ದರು. "ಮುಯ್ಯಿ ತಂದೋರ್ಗೆ ಗೊಜ್ಜು ಬಡಿಸ್ತೀನಿ, ಬಾಯ್ಮುಚ್ಕೊಂಡ್ ಕೂತ್ಕಳಿ" ಅನ್ನುತ್ತಿದ್ದೆ. ನಗುನಗುತ್ತಾ ಮಾಡಿದ ಕೆಲಸ, ಅತ್ತೆ. ಮೂರು ದಿನ ಬಿಟ್ಟು.

ಮದುವೆಯಾಗಿ ಬಂದ ಮೊದಲ ತಿಂಗಳೇ ನೀವು ನನ್ನನ್ನು ಹಿತ್ತಲಿನ ಬೇಲಿಯ ಹತ್ತಿರ ನಿಲ್ಲಿಸಿ ಹೇಳಿದ್ದಿರಿ: "ಬಳ್ಳಿನೂ ಬಸ್ರಿ ಇದ್ದಂಗೆ ಕಣವ್ವ. ಮುಟ್ಟಾದ್ ಮೂರ್ ದಿನ ನಿನ್ ನೆಳ್ಳೂ ಬೀಳ್ಕೂಡ್ದು." ಮೂವತ್ತು ವರ್ಷ ಮೀರಲಿಲ್ಲ. ಈಗ ಐವತ್ತಾಯಿತು, ಆರು ತಿಂಗಳಿಂದ ನಿಂತೇ ಹೋಗಿತ್ತು, ಮುಗಿಯಿತು ಅಂದುಕೊಂಡಿದ್ದೆ. ಹೂ ತುಂಬಿದ ವಾರವೇ ಮತ್ತೆ ಕಾಣಿಸಿಕೊಂಡಿತು. ನನ್ನ ಸೊಸೆ ಸವಿತ ತವರಿಗೆ ಹೋಗಿದ್ದಳು. ನಿಮ್ಮ ಮಗ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ಕದಲುವ ಹಾಗಿರಲಿಲ್ಲ. ಕಿರಣ್‌ಗೆ ಫೋನು ಮಾಡಿ ಹೇಳೋಣವೆಂದರೆ, ಮಗನ ವಯಸ್ಸಿನ ಗಂಡಸಿಗೆ ಯಾವ ಮಾತಿನಲ್ಲಿ ಹೇಳುವುದು? ಮೂರು ಬೆಳಗು ಬೇಲಿಯಾಚೆ ನಿಂತು ನೋಡಿದೆ. ಪಕ್ಕದ ಹೊಲದ ಕಂಪನಿ ಹಾಗಲದ ಮೇಲೆ ಕೂತ ಹುಳ ಎದ್ದು ಬಂದು ನಮ್ಮ ಹೂವಿನ ಮೇಲೆ ಕೂರುತ್ತಿತ್ತು. ನನ್ನ ಕಾಲು ಅಲ್ಲಾಡಲಿಲ್ಲ.

ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಹೋದರೆ ಹೀಚು ಕಟ್ಟಿತ್ತು. ಮಧ್ಯಾಹ್ನ ಕಿರಣ್ ಬರುವವರಿದ್ದರು. ಅವಕ್ಕೂ ದಾರ ಕಟ್ಟಿಬಿಟ್ಟೆ. ಬಂದವರು ನೋಡಿ, "ಒಂದು ದಿನಾನೂ ತಪ್ಪಿಸಿಲ್ವಲ್ಲಮ್ಮ ನೀವು" ಅಂದರು. ಆಗಲೇ ಬಾಯಿ ಬಿಟ್ಟಿದ್ದರೆ ಆ ಕಾಯಿಗಳನ್ನಷ್ಟೇ ಕಿತ್ತು ಹಾಕಬಹುದಿತ್ತು. ಕಾಫಿ ತರುತ್ತೇನೆ ಎಂದು ಒಳಗೆ ಹೋದೆ.

ಕಾಯಿ ಹಣ್ಣಾದಾಗ ಎಲ್ಲವೂ ಒಂದೇ ಥರ ಇದ್ದವು, ಗಿಡ್ಡ, ಮುಳ್ಳು. ಕಾಯಿ ಯಾವಾಗಲೂ ತಾಯಿಯ ಹಾಗೇ ಇರುತ್ತದಂತೆ. ಬೆರಕೆ ಬೀಜದೊಳಗೆ ಕೂತಿರುತ್ತದಂತೆ, ಮುಂದಿನ ಬೆಳೆಯಲ್ಲಷ್ಟೇ ಕಾಣುತ್ತದಂತೆ. ಎಲ್ಲ ಬೀಜವೂ ಈಗ ಒಂದೇ ಗಡಿಗೆಯಲ್ಲಿದೆ. ಬುಧವಾರ ಅದನ್ನು ಒಯ್ಯುತ್ತಾರೆ. ಹುಣಸೂರು, ಕೆ.ಆರ್. ನಗರ, ಕೋಟೆ ಕಡೆಯ ರೈತರಿಗೆ ಕೊಡುವುದಕ್ಕೆ ಪೊಟ್ಟಣದ ಮೇಲೆ ಏನು ಬರೆಸುತ್ತಾರೆ ಗೊತ್ತೇ? 'ಕೆಂಪಮ್ಮನ ಹಾಗಲ' ಅಂತ. ನಿಮ್ಮ ಹೆಸರು. ಹೇಳಿದರೆ ಅವರ ಇಷ್ಟು ತಿಂಗಳ ದುಡಿಮೆ ಮಣ್ಣಾಯಿತು. ಹೇಳದಿದ್ದರೆ ನಿಮ್ಮ ಹೆಸರು ನಂಬಿ ಯಾರೋ ಬೆಳೆಯುತ್ತಾರೆ, ಇನ್ಯಾರೋ ಅದರ ರಸ ಕುಡಿಯುತ್ತಾರೆ. ನಿಮ್ಮ ಮಾತು ಮೀರುವ ಹಾಗಿರಲಿಲ್ಲ, ಮೀರದೆ ಹೀಗಾಯಿತು. ಹಟ್ಟಿಯೊಳಗೆ ಕೂಡಿಹಾಕಿದ ಕುರಿಯ ಹಾಗೆ ಸುತ್ತುತ್ತಿದ್ದೇನೆ. ಯಾವ ಕಡೆಗೆ ತಿರುಗಿದರೂ ಮುಳ್ಳೇ.

ನಿನ್ನೆ ರೊಟ್ಟಿ ತಟ್ಟುವಾಗ ತಡೆಯಲಾರದೆ ಸವಿತಳಿಗೆ ಹೇಳಿದೆ. ಅವಳು ಹಿಟ್ಟಿನ ಕೈ ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅದಕ್ಕಾ ಓಗ್ನಿಲ್ಲ ನೀವು? ನಾನು ಮುಟ್ಟಾದಾಗ್ಲೂ ಆ ಬಳ್ಳೀಲಿ ಕಾಯಿ ಕುಯ್ತೀನಲ್ಲತ್ತೆ. ಒಣಗ್ತಾ ಅದು?"

"ಅಜ್ಜಿ ಇದ್ದಾಗ್ಲೂವ?"

"ಅಜ್ಜಿಗೆ ಗೊಜ್ಜು ಮಾಡಿಕ್ಕಿದ್ದೂ ಅದ್ರಲ್ಲೇ. ಇನ್ನೊಂದೀಟು ಆಕವ್ವ ಅಂತ ತಟ್ಟೆ ಮುಂದುಕ್ ತಳ್ತಿತ್ತು."

ನಿಮಗೆ ಗೊತ್ತಿರದಿದ್ದ ಸುದ್ದಿ ಇದು. ಕೋಪ ಬಂತೇ? ನನಗೆ ಮೊದಲು ಬಂದದ್ದು ಕೋಪವೇ. ಆಮೇಲೆ ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಕಿರಣ್‌ಗೆ ಕಾಗದ ಬರೆದಿದ್ದೇನೆ. ಮೂರು ದಿನ ಯಾಕೆ ಬಳ್ಳಿ ಮುಟ್ಟಲಿಲ್ಲ ಎಂಬುದನ್ನೂ ನಾಚಿಕೆ ಬಿಟ್ಟು ಬರೆದೆ. ಬೀಜ ಯಾರಿಗೂ ಕೊಡಬೇಡಿ, ನಮ್ಮತ್ತೆಯ ಹೆಸರು ಈಗಲೇ ಬರೆಸಬೇಡಿ. ಅಷ್ಟನ್ನೂ ನಾನೇ ಮತ್ತೆ ಬಿತ್ತಿ, ಬೇರೆ ಥರ ಕಾಯಿ ಬಿಟ್ಟ ಬಳ್ಳಿಯನ್ನೆಲ್ಲ ಕಿತ್ತು, ಎಷ್ಟು ಬೆಳೆಯಾದರೂ ಸರಿ, ಶುದ್ಧ ಮಾಡಿಕೊಡುತ್ತೇನೆ ಅಂದಿದ್ದೇನೆ. ಆಗ ಮುಟ್ಟಾದರೂ ಬಳ್ಳಿಯೊಳಗೆ ಹೋಗುತ್ತೇನೆ, ಅತ್ತೆ. ಇದನ್ನು ನಿಮ್ಮನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಅವರು ಒಪ್ಪುತ್ತಾರೋ, ಇನ್ನು ನಮ್ಮ ಹೊಸಲೇ ತುಳಿಯುವುದಿಲ್ಲವೋ...

ಆ ಕಾಗದ ಕೊಟ್ಟು ಬರಲು ಸವಿತ ಪಿರಿಯಾಪಟ್ಟಣದ ಹತ್ತು ಗಂಟೆಯ ಬಸ್ಸಿಗೆ ಸೀರೆ ಉಟ್ಟು ನಿಂತಿದ್ದಾಳೆ. ಅವಳಿಗೆ ಇಷ್ಟೇ ಹೇಳಿದೆ: "ಅವ್ರು ಓದಿ ಮುಗ್ಸೋಗಂಟ ಅಲ್ಲೇ ನಿಂತಿರವ್ವ. ಬಾಯಲ್ಲಿ ಏಳಿ ಕಳ್ಸುದ್ರೆ ನೀನು ಬೆಲ್ಲ ಬೆರ್ಸಿ ಏಳ್ತೀಯ. ಬೈಗುಳ ಆದ್ರೂವೆ, ಉತ್ರಾನ ಕಾಗ್ದುದಲ್ಲೇ ಬರ್ಸ್ಕೊಂಡು ತಕ್ಕೊಂಡ್ ಬಾ."