ಕಂಕನಾಡಿಗೆ ಒಂದೇ ಮಗು

೮ ಜನವರಿ ೧೯೫೮

ಬೆಳಿಗ್ಗೆ ಮಗಳು ಕುಶಲಾಳ ಕಾಲಿಗೆ ಎಣ್ಣೆ ತಿಕ್ಕಿದೆ. ಎಡಗಾಲು ಇನ್ನೂ ಸೊರಗಿದೆ. ತಿಕ್ಕುವಾಗ ಅಳುವುದನ್ನು ಬಿಟ್ಟಿದ್ದಾಳೆ, ಅದೇ ನನಗೆ ಹೆದರಿಕೆ. ಆಮೇಲೆ ಹೊಲಿಗೆ ಮಿಷನ್ ಮುಂದೆ ಕೂತು ಎರಡು ರವಕೆ ಮುಗಿಸಿದೆ.

ಮಕ್ಕಳ ಸಹಾಯ ಸಮಿತಿಯ ವಿನಿಫ್ರೆಡ್ ಬಾಯಿ ರವಕೆಗೆಂದು ಬಂದವರು ಮಗುವಿನ ಕಾಲು ನೋಡಿದರು. ಮಾರ್ಚಿನಲ್ಲಿ ಮದ್ರಾಸಿನಿಂದ ಪೋಲಿಯೊ ಡಾಕ್ಟರು ಬರುತ್ತಾರಂತೆ. ಆಪರೇಷನ್, ಕಬ್ಬಿಣದ ಪಟ್ಟಿಯ ಬೂಟು, ಎಲ್ಲ ಧರ್ಮಕ್ಕೆ. ಆದರೆ ಒಂದೊಂದು ಪೇಟೆಯಿಂದ ಒಂದೇ ಮಗು. ತೀರಾ ಗತಿಯಿಲ್ಲದವರಿಗೆ ಮೊದಲು.

"ಏಳು ತುಂಬಿದ ಮೇಲೆ ನರ ಗಟ್ಟಿಯಾಗ್ತದೆ. ಮತ್ತೆ ಬೂಟು ಹಾಕಿಯೂ ಪ್ರಯೋಜನ ಇಲ್ಲ," ಅಂದರು.

ಕುಶಲಾಳಿಗೆ ಜೂನಿನಲ್ಲಿ ಏಳು. ದೇವರೇ, ಈ ಒಂದು ಸಲ.

೧೯ ಜನವರಿ, ಬೆಳಿಗ್ಗೆ

ಇಂದು ಸಮಿತಿಯವರು ಮನೆ ನೋಡಲು ಬರುತ್ತಾರೆ. ಅಂಗಳ ಎರಡು ಸಲ ಗುಡಿಸಿದೆ.

ಬೆಲ್ಲ, ನೀರು ತೆಗೆದಿಟ್ಟಿದ್ದೆ. ಪಕ್ಕದ ಮನೆಯ ರುಖಿಯಾ ನೋಡಿ ನಕ್ಕಳು. "ಎಂತ ಅಕ್ಕ, ದೊಡ್ಡ ಜನ ಬರುವಾಗ ಅಲ್ಯುಮಿನಿಯಂ ಲೋಟವಾ? ಮರ್ಯಾದೆ ಬೇಡವಾ?" ಬಸುರಿ ಹೊಟ್ಟೆ ಹೊತ್ತುಕೊಂಡು ತಾನೇ ಓಡಾಡಿದಳು. ಅವಳ ಮದುವೆಗೆ ಕೊಲಂಬೊದಿಂದ ಬಂದ ಪಿಂಗಾಣಿ ಕಪ್ಪು, ಗಂಡ ಅಬ್ದುಲ್ಲನ ಕುರ್ಚಿ, ಹೂವಿನ ಚಾದರ... ಎಲ್ಲ ಇಲ್ಲಿಗೆ ಬಂತು. ಕಾಫಿಪುಡಿ, ಬಿಸ್ಕತ್ತೂ ಅವಳದೇ. ಇಂಥ ನೆರೆಯವರು ಎಲ್ಲಿ ಸಿಗುತ್ತಾರೆ!

ಅದೇ ದಿನ, ಸಂಜೆ

ಬಂದರು. ವಿನಿಫ್ರೆಡ್ ಬಾಯಿ ಮತ್ತು ಅಧ್ಯಕ್ಷೆ. ಕೂತರು. ಕಾಫಿ ಕುಡಿದರು. "ಒಳ್ಳೆ ಕಪ್ಪು," ಅಂದರು ಅಧ್ಯಕ್ಷೆ. ನನಗೆ ಹೆಮ್ಮೆ! ನನ್ನದಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಎದ್ದು ಹೋಗುವಾಗ ರುಖಿಯಾಳ ಮಗಳು ಮೈಮೂನಾ ಅಂಗಳದಲ್ಲಿ ಕುಂಟುತ್ತಿದ್ದಳು. ಅವಳಿಗೂ ಅದೇ ಜ್ವರ, ಅದೇ ಕಾಲು. ಐದು ವರ್ಷ. ಅವಳ ಮನೆಯೊಳಗೂ ಹೋಗಿ ನೋಡಿದರು.

೨ ಫೆಬ್ರವರಿ

ಕಂಕನಾಡಿಯಿಂದ ಮೈಮೂನಾ.

ಮೈಮೂನಾ. ಕುಶಲಾ ಅಲ್ಲ.

೩ ಫೆಬ್ರವರಿ

ವಿನಿಫ್ರೆಡ್ ಬಾಯಿಯ ಮನೆಗೆ ಓಡಿದೆ. ಗೇಟಿನಲ್ಲೇ ಮಾತು.

"ಸ್ವರ್ಣಲತಾ, ನನಗೆ ನಿಮ್ಮ ಕಷ್ಟ ಗೊತ್ತುಂಟು. ಆದರೆ ಅಧ್ಯಕ್ಷರು ಕಣ್ಣಾರೆ ನೋಡಿದ್ದಾರಲ್ಲ. ನಿಮ್ಮಲ್ಲಿ ಕುರ್ಚಿ, ಕಾಫಿ, ಬಿಸ್ಕತ್ತು. ಆ ಮನೆಯಲ್ಲಿ ಕೂರಲು ಒಂದು ಚಾಪೆ ಸಹ ಸರಿ ಇಲ್ಲ."

"ಬಾಯೀ, ಅದೆಲ್ಲ ಅವಳದ್ದೇ! ನನಗೆ ಕೊಟ್ಟದ್ದಕ್ಕೇ ಅವಳ ಮನೆ ಖಾಲಿ!"

ಅವರು ನನ್ನ ಮುಖ ನೋಡಿದರು. ನಂಬಲಿಲ್ಲ. ನಂಬಿದರೂ ಎಂತ ಮಾಡಿಯಾರು? "ಈಗ ಅವಳ ಹೆಸರು ತೆಗಿ ಅಂತ ಹೇಳ್ಲಾ? ನೀವೇ ಹೇಳಿ," ಅಂದರು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಅಮ್ಮ ಯಾರನ್ನೋ ಆಡಿಕೊಳ್ಳುವಾಗ ಹೇಳುತ್ತಿದ್ದಳು, ಇವತ್ತು ನನಗೇ ಹೇಳಿದ ಹಾಗಾಯಿತು. ಗಂಡ ಸತ್ತು ಮೂರು ವರ್ಷ. ಗಂಜಿಗೆ ಉಪ್ಪಿನಕಾಯಿ ಇಲ್ಲದ ದಿನ ಉಂಟು. ಅದನ್ನು ತೋರಿಸಬೇಕಾದ ದಿನ ಪಿಂಗಾಣಿ ತೋರಿಸಿದೆ.

೧೬ ಫೆಬ್ರವರಿ

ರುಖಿಯಾಳ ಜೊತೆ ಮಾತಿಲ್ಲ. ಕಪ್ಪು, ಚಾದರ ಎಲ್ಲ ಅವಳ ಜಗಲಿಯಲ್ಲಿ ಇಟ್ಟು ಬಂದೆ, ಕರೆಯದೆ. ಅವಳು ಬಾಗಿಲ ಹಿಂದೆ ಅಳುತ್ತಿದ್ದಳು, ಕೇಳಿಸಿತು. ಅಳಲಿ. ಅವಳ ತಪ್ಪಿಲ್ಲ ಎಂದು ಗೊತ್ತಿದೆ. ಗೊತ್ತಿದ್ದರೂ ಹೊಟ್ಟೆ ಉರಿಯುತ್ತದೆ.

ಇಬ್ಬರು ಮಕ್ಕಳಿಗೆ ಮಾತ್ರ ಏನೂ ತಿಳಿಯದು. ಅಂಗಳದಲ್ಲಿ ಗೋಡೆ ಹಿಡಿದುಕೊಂಡು ಓಟದ ಪಂದ್ಯ ಆಡುತ್ತಿದ್ದಾರೆ. ಯಾರು ಗೆದ್ದರೂ ಇಬ್ಬರೂ ಬೀಳುತ್ತಾರೆ.

೪ ಮಾರ್ಚ್

ರುಖಿಯಾ ಹೆತ್ತಳು. ಗಂಡು. ನೋಡಲು ಹೋಗದೆ ಇರಲು ಆಗಲಿಲ್ಲ.

ನನ್ನ ಕೈ ಹಿಡಿದುಕೊಂಡಳು. "ಅಕ್ಕ, ನಲ್ವತ್ತು ದಿನ ಆಗದೆ ನಾನು ಹೊಸ್ತಿಲು ದಾಟುವ ಹಾಗಿಲ್ಲ. ಇವರು ಒಣಮೀನು ತಗೊಂಡು ಘಟ್ಟಕ್ಕೆ ಹೋಗಿದ್ದಾರೆ. ಹೆಣ್ಣುಮಕ್ಕಳ ಜೊತೆ ಹೆಂಗಸೇ ಬರ್ಬೇಕಂತೆ. ಏಳನೇ ತಾರೀಕು ಡಾಕ್ಟರಲ್ಲಿಗೆ ಮೈಮೂನಾಳನ್ನು ನೀವೇ ಕರ್ಕೊಂಡು ಹೋಗಿ. ನಿಮ್ಮನ್ನು ಬಿಟ್ಟು ಯಾರಲ್ಲಿ ಕೇಳ್ಲಿ?"

ಮಗುವಿನ ಬಟ್ಟೆ ಸರಿಮಾಡುತ್ತ ಅವಳೇ ಅಂದಳು: "ಕುಶಲಾಳನ್ನೂ ಕರ್ಕೊಂಡು ಹೋಗಿ. ಡಾಕ್ಟರ ಕಣ್ಣಿಗೆ ಬಿದ್ರೆ ಕರುಣೆ ಬರ್ಲೂಬಹುದು."

ಹೂಂ ಅಂದೆ.

೬ ಮಾರ್ಚ್

ಸಮಿತಿಯ ಹಾಲ್‌ಗೆ ಹೋಗಿ ಕೇಳಿ ಬಂದೆ. ಹೆಚ್ಚಿಗೆ ಒಂದು ಮಗುವನ್ನೂ ನೋಡುವುದಿಲ್ಲವಂತೆ. ಒಳಗೆ ಇರುವ ಡಾಕ್ಟರು, ನರ್ಸು ಎಲ್ಲ ಮದ್ರಾಸಿನವರು. ಹೆಸರು ಕೂಗುತ್ತಾರೆ, ಮಗು ಒಳಗೆ ಹೋಗುತ್ತದೆ. ಅಷ್ಟೇ.

ಅಷ್ಟೇ... ಇದನ್ನು ಯಾಕೆ ಕೇಳಿಕೊಂಡು ಬಂದೆ?

ಮೈಮೂನಾಳಿಗೆ ಐದೇ. ಅವಳಿಗೆ ಮುಂದಿನ ವರ್ಷ ಉಂಟು. ಡಾಕ್ಟರು ಮುಂದಿನ ವರ್ಷ ಬಂದರೆ. ಬಾರದಿದ್ದರೆ? ಯೋಚಿಸಬಾರದು. ಯೋಚನೆ ನಿಲ್ಲುವುದಿಲ್ಲ. ಆ ಹೆಂಗಸು ಮೂರು ದಿನದ ಬಾಣಂತಿ, ನನ್ನನ್ನು ನಂಬಿ ಮಲಗಿದ್ದಾಳೆ. ನಾನು ಎಂಥವಳು!

ಕುಶಲಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದೆ. "ನಾಳೆ ನರ್ಸ್ ಹೆಸರು ಕೇಳಿದ್ರೆ, ನಾನು ಕಣ್ಸನ್ನೆ ಮಾಡಿದ್ರೆ ಮಾತ್ರ, ಮೈಮೂನಾ ಅಂತ ಹೇಳು." ಯಾಕೆ ಎಂದು ಕೇಳಲಿಲ್ಲ. ತಲೆ ಆಡಿಸಿದಳು.

೭ ಮಾರ್ಚ್, ಹತ್ತು ಗಂಟೆ

ಸಮಿತಿಯ ಹಾಲ್‌ನ ಬೆಂಚು. ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು. ವಿನಿಫ್ರೆಡ್ ಬಾಯಿ ಹಿಂದಿನ ಜಗಲಿಯಲ್ಲಿ ಗಂಜಿ ಬಡಿಸುತ್ತಿದ್ದಾರೆ. ಇಲ್ಲಿ ನಮ್ಮನ್ನು ಬಲ್ಲವರಿಲ್ಲ. ಮುಂದೆ ಇನ್ನೊಂದೇ ಮಗು.

ಇಬ್ಬರೂ ನನ್ನ ಆಚೆ ಈಚೆ. ಮೈಮೂನಾ ಹೊಸ ಫ್ರಾಕ್ ಹಾಕಿದ್ದಾಳೆ, ರುಖಿಯಾ ಬಾಣಂತಿ ಕೋಣೆಯಿಂದಲೇ ಹೇಳಿ ನನ್ನಿಂದ ಹೊಲಿಸಿದ್ದು. ನನ್ನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ. ಹೆದರಿದ್ದಾಳೆ, ಪಾಪ.

ಈಗ ಕುಶಲಾ ಕಿವಿಯಲ್ಲಿ ಕೇಳಿದಳು. "ಅಮ್ಮ, ನಾನು ಮೈಮೂನಾ ಆದ್ರೆ, ಮೈಮೂನಾ ಯಾರಾಗ್ಬೇಕು?"

ಅವಳ ಕೂದಲು ಹಿಂದಕ್ಕೆ ಸರಿಸಿದೆ. 

ಬಾಗಿಲು ತೆರೆಯಿತು. ಒಳಗಿನ ಮಗುವನ್ನು ಹೊರಗೆ ತರುತ್ತಿದ್ದಾರೆ. ನರ್ಸು ಕೂಗಿದಳು — ಮೈಮೂನಾ.

ಇಬ್ಬರೂ ಬೆಂಚು ಹಿಡಿದು ಒಟ್ಟಿಗೆ ಎದ್ದು ನಿಂತಿದ್ದಾರೆ. ಇಬ್ಬರೂ ನನ್ನ ಕಣ್ಣನ್ನೇ ನೋಡುತ್ತಿದ್ದಾರೆ. ಸನ್ನೆ ಇನ್ನೂ ಮಾಡಿಲ್ಲ.