ಕಡೇ ಆಟಕ್ಕೆ ಕೈ ಎತ್ತಬೇಡಿ

ಬೆಟಗೇರಿ,
ಫೆಬ್ರುವರಿ ೩೦, ೨೨೦೭

ಸಾವಂತ್ರೆವ್ವ ಆಯಿಗೆ ನಿಮ್ಮ ಆರನೇ ತಲೆಮಾರಿನ ರುದ್ರವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಇರುವುದು ಅನ್ಯಾಯವಂತೆ. ವರ್ಷದ ಕೊನೆಗೆ ಉಳಿಯುವ ದಿನಗಳಿಗೆ ಹೆಸರೇ ಇಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹಿಂದಿನವರಿಗೆ ಕಾಗದ ಒಯ್ಯುವ ಮರಳಂಚೆಯನ್ನು ಜೀವಮಾನದಲ್ಲಿ ಒಂದೇ ಸಲ ಬಳಸಲು ಬಿಡುತ್ತಾರೆ. ನನ್ನ ಆ ಒಂದು ಸಲವನ್ನು ನಿಮಗೆ ಮೀಸಲಿಟ್ಟೆ.

ಊರಲ್ಲಿ ಹಾಕಿ ಇನ್ನೂ ಇದೆ. ಬೆಳಗಾದರೆ ಮಕ್ಕಳು ರೊಟ್ಟಿ ಕಟ್ಟಿಕೊಂಡು ಮೈದಾನಕ್ಕೆ ಓಡುತ್ತಾರೆ, ಮುದುಕರು ಗೋಡೆ ಮೇಲೆ ಕೂತು ಬೈಯುತ್ತಾರೆ. ಆದರೆ ಸೋತವರು ಮನೆಗೆ ಹೋಗುವ ಆಟ ಇಲ್ಲ. ಸೆಮಿಫೈನಲ್, ಫೈನಲ್ ಎಂಬ ಮಾತುಗಳನ್ನು ನಾನು ನನ್ನಜ್ಜಿಯ ಬಾಯಲ್ಲಿ ಮಾತ್ರ ಕೇಳಿದ್ದೇನೆ. ವರ್ಷವಿಡೀ ಎಲ್ಲರೂ ಎಲ್ಲರೊಡನೆ ಆಡುತ್ತಾರೆ, ಆಮೇಲೆ ತೂಕದ ಮನೆಯವರು ಲೆಕ್ಕ ಹಾಕಿ ಕಪ್ ಯಾರಿಗೆಂದು ಹೇಳುತ್ತಾರೆ. ತೂಗುವ ಮೊದಲು ಪ್ರತಿ ಆಟಗಾರರ ಅತಿ ಕೆಟ್ಟ ದಿನವನ್ನೂ ಅತಿ ಒಳ್ಳೆಯ ದಿನವನ್ನೂ ಕಿತ್ತು ಹಾಕುವುದು ಅವರ ಪದ್ಧತಿ. ಉಳಿದದ್ದೇ ಮನುಷ್ಯನ ನಿಜವಾದ ತೂಕವಂತೆ. ಶಾಣ್ಯಾರು!

ನನ್ನ ಮಗಳು ಕಲ್ಲವ್ವ ಮುಂದಿನ ಸಾಲಿನಲ್ಲಿ ಆಡುತ್ತಿದ್ದಳು. ಸುಳ್ಳೇಕೆ ಹೇಳಲಿ, ದಿನದ ಆಟದಲ್ಲಿ ಅವಳದು ಎಮ್ಮೆ ನಡಿಗೆ. ನಾಳೆಯೂ ಆಟವಿದೆ ಎಂದು ಗೊತ್ತಿದ್ದರೆ ಅವಳಿಗೆ ಕಾಲೇ ಏಳುತ್ತಿರಲಿಲ್ಲ. ಹೋದ ವರ್ಷ ನಮ್ಮ ತಂಡವೂ ಹುಬ್ಬಳ್ಳಿ ತಂಡವೂ ತೂಕದಲ್ಲಿ ಸರಿಸಮ ಬಂದವು. ಎಲ್ಲರೂ ಅಳಿಸಲು ಮರೆತಿದ್ದ ಹಳೆಯ ನಿಯಮವೊಂದು ಆಗ ಎದ್ದು ಕೂತಿತು: ಒಂದೇ ಆಟ, ಗೆದ್ದವರಿಗೆ ಕಪ್. ಅವತ್ತು ನನ್ನ ಮಗಳನ್ನು ನಾನೇ ಗುರುತು ಹಿಡಿಯಲಿಲ್ಲ. ಚೆಂಡು ಅವಳ ಸ್ಟಿಕ್ ಬಿಟ್ಟು ಅಲ್ಲಾಡಲಿಲ್ಲ. ಮೂರು ಗೋಲು ಹೊಡೆದಳು. ಗೋಡೆ ಮೇಲಿನ ಮುದುಕರು ಬೈಯುವುದನ್ನು ಮರೆತು ಅತ್ತರು, ನಾನೂ ಅತ್ತೆ.

ಮರುದಿನ ತೂಕದ ಮನೆಯವರು ಅದನ್ನೇ ಅವಳ ಅತಿ ಒಳ್ಳೆಯ ದಿನವೆಂದು ಕಿತ್ತು ಹಾಕಿದರು. ಗೋಲುಗಳೂ ಅದರ ಜೊತೆ ಹೋದವು. ಕಪ್ಪನ್ನು ಆರಾರು ತಿಂಗಳು ಇಟ್ಟುಕೊಳ್ಳಿರೆಂದು ಎರಡೂ ಊರಿಗೆ ಹಂಚಿದರು. ತೂಕ ಸಾಲದೆಂದು ಕಲ್ಲವ್ವನನ್ನು ತಂಡದಿಂದ ಬಿಟ್ಟರು. ಅವಳು ಜಗಳ ಮಾಡಲಿಲ್ಲ. ಒಲೆ ಮುಂದೆ ಕೂತು ಇಷ್ಟೇ ಅಂದಳು: "ಯವ್ವಾ, ನಾ ಖರೇನ ಆಡಿದ್ದು ಅದೊಂದ ದಿನ. ಅದನ್ನ ಇಲ್ಲ ಅಂದ್ರ ನನ್ನನ್ನ ಇಲ್ಲ ಅಂದಂಗ ಆತಲ್ಲ."

ದಸರೆಗೆ ಊರಿನ ಎಲ್ಲ ಸ್ಟಿಕ್‌ಗಳನ್ನೂ ಸಾಲಾಗಿ ಇಟ್ಟು ವಿಭೂತಿ ಹಚ್ಚಿ ಪೂಜಿಸುವ ಪದ್ಧತಿ ನಿಮ್ಮ ಕಾಲದ್ದೇ ಅಂತೆ. ಈ ಸಲ ಅವಳು ತನ್ನದನ್ನು ತರಲಿಲ್ಲ. ಅದು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಆಸರೆಯಾಗಿ ನಿಂತಿದೆ. ಮಗಳು ಹೇಗಿದ್ದಾಳೆ ಎಂದು ಕೇಳಿದವರಿಗೆ ಸರಾಸರಿ ಚೆನ್ನಾಗಿದ್ದಾಳೆ ಅನ್ನುತ್ತೇನೆ. ಉಣ್ಣುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ, ಕರೆದರೆ ಓಗೊಡುತ್ತಾಳೆ.

ಆಯಿ, ನಿಮ್ಮ ಕ್ಲಬ್ಬಿನ ಸಭೆ ಬರುವ ಭಾನುವಾರ. ಕಡೇ ಆಟವನ್ನು ನಿಲ್ಲಿಸಬೇಕೆಂದು ಅಲ್ಲಿ ಮೊದಲು ಕೈ ಎತ್ತಿದವರು ನೀವೇ ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಏಕೆಂದೂ ಗೊತ್ತು. ಫೈನಲ್‌ನಲ್ಲಿ ಗೋಲು ತಪ್ಪಿಸಿಕೊಂಡ ನಿಮ್ಮ ಮಗ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಹೆತ್ತವರಿಗೇ ಗೊತ್ತು ಹೆರಿಗೆ ನೋವು. ನಿಮ್ಮ ಜಾಗದಲ್ಲಿದ್ದರೆ ನಾನೂ ಕೈ ಎತ್ತುತ್ತಿದ್ದೆನೇನೋ. ಆದರೂ ಬೇಡಿಕೊಳ್ಳುತ್ತೇನೆ. ಅವನ ತಲೆ ಸವರಿ, ಒಂದು ತುತ್ತು ಉಣ್ಣಿಸಿ. ಅವನು ಏಳುತ್ತಾನೆ, ಮುಂದಿನ ವರ್ಷ ಮತ್ತೊಂದು ಫೈನಲ್ ಬರುತ್ತದೆ. ನನ್ನ ಮಗಳಿಗೆ ಅದು ಬರುವುದಿಲ್ಲ.

ಜೊತೆಗಿರುವ ಒಣ ಎಲೆ ಬನ್ನಿ ಮರದ್ದು. ದಸರೆಯ ದಿನ ಕಲ್ಲವ್ವ ಅದನ್ನು ಯಾರಿಗೂ ಕೊಡದೆ ಮುಷ್ಟಿಯಲ್ಲೇ ಇಟ್ಟುಕೊಂಡು ಮಲಗಿದ್ದಳು, ಮೆಲ್ಲಗೆ ಬಿಡಿಸಿಕೊಂಡೆ. ಬನ್ನಿ ತಗೊಂಡು ಬಂಗಾರದಂಗ ಇರ್ರಿ, ಆಯಿ. ಭಾನುವಾರ ಇದನ್ನು ಬಲಗೈಯಲ್ಲಿ ಹಿಡಿದುಕೊಂಡು, ಆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿರಿ.

ನಿಮ್ಮ ಕುಡಿ,
ರುದ್ರವ್ವ